ಟಾರ್ಚ್ ಹಿಡಿದವನ ಬಾಯಿ

ಮುಂಬಯಿ ಪಕ್ಕದ ಠಾಣೆಯ ನೌಪಾಡಾದ ಪದ್ಮವಿಲಾಸ ಹೋಟೆಲಿನ ಅಡಿಗೆಮನೆಗೆ ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಒಂದು ಚೀಟಿ ಬರುತ್ತಿತ್ತು. ತರುವವಳು ಎರಡು ಗಲ್ಲಿ ಆಚೆಗಿದ್ದ ಕ್ಯಾನ್ಸರ್ ಆಸ್ಪತ್ರೆಯ ನರ್ಸ್ ಜಯಲತಾ. ಬರೆಯುವವರು ಆ ಆಸ್ಪತ್ರೆಯ ಡಾಕ್ಟರ್ ಮಧ್ವರಾಜ ರಾವ್. ಚೀಟಿಯಲ್ಲಿ ಯಾರ ಹೆಸರೂ ಇರುತ್ತಿರಲಿಲ್ಲ. ‘ಬಾಯಿಹುಣ್ಣು ನಾಲ್ಕು, ವಾಂತಿ ಮೂರು, ರುಚಿ ಹೋದವರು ಇಬ್ಬರು.’ ಇಷ್ಟೇ. ಮಿಕ್ಕದ್ದು ಶಂಭು ಭಟ್ಟರ ಜವಾಬ್ದಾರಿ.

ಶಂಭು ಭಟ್ಟರು ಪದ್ಮವಿಲಾಸದ ಹಿರೀ ಅಡಿಗೆಯವರು. ಸೌಟು ತೂಗುಹಾಕುವ ಮೊಳೆಗೆ ಚೀಟಿಯನ್ನು ಚುಚ್ಚಿ ಕೆಲಸಕ್ಕೆ ನಿಂತರೆಂದರೆ ಆಮೇಲೆ ಅವರನ್ನು ಮಾತಾಡಿಸುವ ಧೈರ್ಯ ಯಾರಿಗೂ ಇಲ್ಲ. ಬಾಯಿಹುಣ್ಣಿನವರಿಗೆ ಕುಚ್ಚಲಕ್ಕಿ ಗಂಜಿ, ನುಣ್ಣಗೆ ಅರೆದು, ಆರಿಸಿ, ಮೇಲೊಂದು ಚಮಚ ತುಪ್ಪ. ವಾಂತಿಯವರಿಗೆ ಶುಂಠಿ ತಂಬುಳಿ, ಮೆತ್ತಗಿನ ಅನ್ನ. ಔಷಧಿಯಿಂದ ನಾಲಿಗೆ ಮರಗಟ್ಟಿ ಹೋದವರಿಗೆ ಹುಳಿ ಸ್ವಲ್ಪ ಮುಂದಾಗಿ ನಿಂಬೆ ಸಾರು. ಹನ್ನೊಂದೂವರೆಗೆ ಜಯಲತಾ ಬಂದು ಡಬ್ಬಿಗಳನ್ನು ಒಯ್ಯುವಳು.

ಡಾಕ್ಟರ ಅಕ್ಷರ ಓದಲಿಕ್ಕೆ ಮೆಡಿಕಲ್ ಅಂಗಡಿಯವನೇ ಬೇಕು ಅಂತಾರಲ್ಲ, ಈ ಚೀಟಿ ಹಾಗಲ್ಲ. ದುಂಡಗಿನ ಕನ್ನಡ ಅಕ್ಷರ, ಒಂದನೇ ಕ್ಲಾಸಿನ ಮಕ್ಕಳು ಬರೆದ ಹಾಗೆ. ಆ ಅಕ್ಷರ ಕಲಿಸಿದ್ದು ಯಾರು? ಇದೇ ಶಂಭು ಭಟ್ಟರು. ಪದ್ಮವಿಲಾಸದ ಧಣಿ ಪುಂಡರೀಕಾಕ್ಷ ರಾಯರ ಒಬ್ಬನೇ ಮಗ ಮಧ್ವರಾಜ. ಭಟ್ಟರು ಉಡುಪಿ ಕಡೆಯಿಂದ ಠಾಣೆಗೆ ಬಂದು ಇಳಿದಾಗ ಭಟ್ಟರಿಗೆ ಹದಿನೇಳು, ಹುಡುಗನಿಗೆ ಎಂಟು. ಅವನು ಹೋಗುತ್ತಿದ್ದದ್ದು ಮರಾಠಿ ಶಾಲೆಗೆ. ಸಂಜೆ ಬಂದವನೇ ಅಡಿಗೆಮನೆಯ ಅಕ್ಕಿ ಮೂಟೆ ಹತ್ತಿ ಕೂತು, ‘ಶಂಭಣ್ಣ, ತಿನ್ಲಿಕ್ಕೆ ಎಂತ ಉಂಟು?’ ಅನ್ನುವನು. ಭಟ್ಟರು ಕಡಪಾ ಕಲ್ಲಿನ ಮೇಲೆ ಅಕ್ಕಿಹಿಟ್ಟು ಹರಡಿ, ಅವನ ಪುಟ್ಟ ಬೆರಳು ಹಿಡಿದು ಅ ಆ ಇ ಈ ತಿದ್ದಿಸುವರು. ಹುಡುಗನ ಕೈ ನಡುಗುತ್ತಿತ್ತು, ಇವರು ಬಿಡುತ್ತಿರಲಿಲ್ಲ. ಸರಿಯಾಗಿ ತಿದ್ದಿದರೆ ಒಂದು ಗೋಳಿಬಜೆ, ತಪ್ಪಿದರೂ ಒಂದು ಗೋಳಿಬಜೆ.

ಆ ಅಡಿಗೆಮನೆಗೆ ಒಂದು ಕಟ್ಟುನಿಟ್ಟು ಇತ್ತು. ಒಲೆಯ ಎದುರಿನ ಗೋಡೆಯಲ್ಲಿ ಕೃಷ್ಣನ ಫೋಟೋ. ಯಾವ ಪಾತ್ರೆಯಿಂದಲೇ ಆಗಲಿ, ಮೊದಲ ಸೌಟು ಅವನಿಗೆ. ಅದಕ್ಕೆ ಮೊದಲು ಯಾರೂ ಒಂದು ಹನಿ ನಾಲಿಗೆಗೆ ಮುಟ್ಟಿಸುವ ಹಾಗಿಲ್ಲ, ಮುಟ್ಟಿಸಿದರೆ ಎಂಜಲು. ಹಾಗಾಗಿ ಭಟ್ಟರು ಜನ್ಮದಲ್ಲಿ ರುಚಿ ನೋಡಿ ಅಡಿಗೆ ಮಾಡಿದವರಲ್ಲ. ಸಾರಿನ ಹಬೆಗೆ ಮೂಗು ಒಡ್ಡುವರು, ಕುದಿಯುವ ಸದ್ದಿಗೆ ಕಿವಿ ಕೊಡುವರು, ‘ಅರ್ಧ ಮುಷ್ಟಿ ಉಪ್ಪು ಬೇಕು’ ಅನ್ನುವರು. ಉಪ್ಪಿಗೆ ಎಲ್ಲಿಯ ವಾಸನೆ ಮಾರಾಯ್ರೆ ಅಂತ ನೀವು ಕೇಳಬಹುದು. ಭಟ್ಟರನ್ನು ಕೇಳಿದವರಿಗೆ ಬೈಗುಳ ಸಿಕ್ಕಿದೆ. ಆದರೆ ಸಾರು ಯಾವತ್ತೂ ಕೆಟ್ಟಿದ್ದಿಲ್ಲ.

ಹುಡುಗನಿಗೆ ಹದಿನಾಲ್ಕು ಆದಾಗ ಹೋಟೆಲಿನಲ್ಲಿ ಕಾಫಿ ಮಾಡುವ ರಘುಪತಿ ಅಂತ ಒಬ್ಬರಿದ್ದರು. ಮೂರು ಹೊತ್ತೂ ಎಲೆಯಡಿಕೆ, ಹೊಗೆಸೊಪ್ಪು. ಕೆನ್ನೆ ಬಾತಿತು, ಆಮೇಲೆ ಕೆನ್ನೆಯಲ್ಲೇ ತೂತು ಬಿತ್ತು. ಕ್ಯಾನ್ಸರ್ ಎಂದು ಆಸ್ಪತ್ರೆಯವರು ಹೇಳಿದ್ದು ಧಣಿಗೆ ಗೊತ್ತಿತ್ತು, ಭಟ್ಟರಿಗೆ ಗೊತ್ತಿತ್ತು, ಗೊತ್ತಿಲ್ಲದ್ದು ರಘುಪತಿಗೆ ಒಬ್ಬರಿಗೇ. ‘ಉಷ್ಣ ಜಾಸ್ತಿ ಆಗಿದೆ, ಊರಿಗೆ ಹೋಗಿ ರೆಸ್ಟ್ ತಗೊಳ್ಳಿ’ ಎಂದು ಮಂಗಳೂರು ಬಸ್ಸಿಗೆ ಹತ್ತಿಸಿದರು. ರಘುಪತಿ ನಗುತ್ತಾ ಕೈ ಬೀಸಿದರು. ‘ರಘುಪತಿ ಮಾಮ ಯಾವಾಗ ವಾಪಸ್ ಬರುದು?’ ಎಂದು ಹುಡುಗ ಕೇಳಿದ. ‘ದೀಪಾವಳಿಗೆ’ ಎಂದರು ಭಟ್ಟರು. ದೀಪಾವಳಿಗೆ ಮೊದಲೇ ಊರಿಂದ ಸಾವಿನ ಕಾಗದ ಬಂತು. ಹದಿನೈದು ದಿನ ಹುಡುಗ ಭಟ್ಟರ ಜೊತೆ ಮಾತು ಬಿಟ್ಟ. ಹದಿನಾರನೇ ದಿನ ಮೂಟೆಯ ಮೇಲೆ ಕೂತು ಕೇಳಿದ, ‘ನೀವು ಯಾಕೆ ನನಗೆ ಸುಳ್ಳು ಹೇಳಿದ್ದು?’

ಆಮೇಲೆ ಅವನು ಡಾಕ್ಟರಿಕೆಗೆ ಹೋದ. ಪುಂಡರೀಕಾಕ್ಷ ರಾಯರು ತಲೆ ಚಚ್ಚಿಕೊಂಡರು. ‘ನಾಲ್ಕು ಜನರ ಹೊಟ್ಟೆ ತುಂಬಿಸುದು ಬಿಟ್ಟು ಕೊಯ್ಯಲಿಕ್ಕೆ ಹೋಗ್ತಾನಂತೆ! ನಮ್ಮ ಗಲ್ಲೆಯಲ್ಲಿ ಕೂರುದು ಯಾರು?’ ಮಗ ದುಡ್ಡೆಣಿಸುವ ಗಲ್ಲೆಯಲ್ಲಿ ಕೂರಲಿಲ್ಲ. ಮುಂಬಯಿಯ ದೊಡ್ಡ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಕೊಯ್ಯುವ ವಿದ್ಯೆ ಕಲಿತು, ಎರಡು ಸಾವಿರದ ಒಂದರಲ್ಲಿ ನೌಪಾಡಾಕ್ಕೇ ಬಂದು ಹನ್ನೆರಡು ಹಾಸಿಗೆಯ ಆಸ್ಪತ್ರೆ ಹಾಕಿದ. ಬೆಳಿಗ್ಗೆ ಇಲ್ಲಿ, ಸಂಜೆ ಕಲ್ಯಾಣದ ಕ್ಲಿನಿಕ್ಕು, ವಾರಕ್ಕೆ ಎರಡು ದಿನ ನವಿ ಮುಂಬಯಿಯಲ್ಲಿ ಆಪರೇಷನ್ನು, ಗುರುವಾರ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್. ಅಲ್ಲಿ ಲಾರಿ ಲೋಡ್ ಮಾಡುವವರನ್ನು ನೆರಳಿಗೆ ಕೂರಿಸಿ, ಒಬ್ಬೊಬ್ಬರದೇ ಬಾಯಿಗೆ ಟಾರ್ಚ್ ಬಿಟ್ಟು ನೋಡುವುದು. ಮದುವೆಗೆ ಪುರುಸೊತ್ತು ಎಲ್ಲಿಂದ ಬರಬೇಕು? ತಾಯಿ ತೋರಿಸಿದ ಜಾತಕಗಳೆಲ್ಲ ಹಳದಿಯಾದವು, ತಾಯಿಯೂ ತೀರಿಹೋದರು. ಧಣಿಗಳೂ ಹೋದರು. ಬೆಳಿಗ್ಗೆ ಏಳೂವರೆಗೆ ಪದ್ಮವಿಲಾಸದ ಅಡಿಗೆಮನೆಗೆ ಬಂದು, ನಿಂತುಕೊಂಡೇ ಎರಡು ಇಡ್ಲಿ ತಿಂದು ಹೋಗುವುದು ಮಾತ್ರ ತಪ್ಪಲಿಲ್ಲ.

ಡಾಕ್ಟರಿಗೆ ಎರಡು ಪದ್ಧತಿ ಇತ್ತು. ರೋಗಿ ಬಂದರೆ ಮೊದಲ ಪ್ರಶ್ನೆ, ‘ಏನು ತಿಂದ್ರಿ?’ ಎರಡನೆಯದು, ಸುಳ್ಳು ಹೇಳದಿರುವುದು. ‘ಸಾಹೇಬ್, ಆಯಿಗೆ ಹೇಳಬೇಡಿ, ಅಲ್ಸರ್ ಅನ್ನಿ’ ಎಂದು ಮಕ್ಕಳು ಕಾಲು ಹಿಡಿದರೂ ಒಪ್ಪುತ್ತಿರಲಿಲ್ಲ. ಆ ತಾಯಿಯ ಪಕ್ಕ ಕೂತು, ಕೈ ಹಿಡಿದುಕೊಂಡು, ಮೆಲ್ಲಗೆ ಅವಳಿಗೇ ಹೇಳುವರು. ಎಷ್ಟೋ ಜನ ಬೈದರು. ಬೈದವರೇ ಆಮೇಲೆ ಅಣ್ಣನನ್ನು, ಭಾವನನ್ನು ಕರೆದುಕೊಂಡು ಬಂದರು.

ಹೋಟೆಲಿನವರಿಗೆ ಆಯುಧಪೂಜೆ ದೊಡ್ಡ ಹಬ್ಬ. ಗ್ರೈಂಡರು, ಚೂರಿ, ಬಾಣಲೆ, ಸೌಟು ಎಲ್ಲಕ್ಕೂ ಕುಂಕುಮ, ಹೂವು. ಎರಡು ಸಾವಿರದ ನಾಲ್ಕರ ಪೂಜೆಯ ದಿನ ಡಾಕ್ಟರು ಮಂಗಳಾರತಿ ಮುಗಿಯುವವರೆಗೆ ಸುಮ್ಮನಿದ್ದು ಹೇಳಿದರು, ‘ಗ್ರೈಂಡರಿಗೆ ಇಷ್ಟು ಆರೈಕೆ ಮಾಡ್ತೀರಿ, ನಿಮ್ಮ ಬಾಯಿ ನೋಡುವವರು ಯಾರು? ಎಲ್ಲರೂ ಲೈನಿಗೆ ನಿಲ್ಲಿ.’ ಇಪ್ಪತ್ತೆರಡು ಜನ ನಿಂತರು. ‘ಶಂಭಣ್ಣ, ನೀವು ಟಾರ್ಚ್ ಹಿಡಿಯಿರಿ.’ ಭಟ್ಟರು ಹಿಡಿದರು. ಅವತ್ತು ಎಲ್ಲರ ಕಿಸೆಯ ಹೊಗೆಸೊಪ್ಪು ಕಸದ ಬುಟ್ಟಿಗೆ ಬಿತ್ತು. ಎಲ್ಲರಿಗಿಂತ ಮೊದಲು ಭಟ್ಟರದ್ದು. ಕುಂಕುಮ ಹಚ್ಚಿದ ಗ್ರೈಂಡರು ಮುಟ್ಟಿ ಆಣೆ ಹಾಕಿದರು, ‘ಇನ್ನು ಮುಟ್ಟುದಿಲ್ಲ.’ ಡಾಕ್ಟರ ಮುಖ ಅರಳಿದ್ದು ನೋಡಬೇಕಿತ್ತು.

ಆಣೆ ಎಂಟು ತಿಂಗಳು ನಡೆಯಿತು. ಭಟ್ಟರ ಮನೆ ಇರುವುದು ಡೊಂಬಿವಲಿಯಲ್ಲಿ. ಬೆಳಗಿನ ಮೊದಲ ಲೋಕಲ್ ರೈಲು, ನಿಂತೇ ಪ್ರಯಾಣ, ಆಮೇಲೆ ಹತ್ತು ಗಂಟೆ ಬೆಂಕಿಯ ಮುಂದೆ. ಒಂದು ಚಿಟಿಕೆ ಬಾಯಿಗೆ ಬಿದ್ದರೆ ಸೊಂಟ ನೆಟ್ಟಗಾಗುತ್ತದೆ ಅನಿಸಿತು. ಒಂದು ಚಿಟಿಕೆ ಎರಡಾಯಿತು. ಅಡಗಿಸುವುದೆಲ್ಲಿ? ಹಿಂಗಿನ ಡಬ್ಬಿಯಲ್ಲಿ! ಹಿಂಗಿನ ಘಾಟಿನ ಮುಂದೆ ಹೊಗೆಸೊಪ್ಪಿನ ವಾಸನೆ ಯಾರ ಮೂಗಿಗೆ ಹತ್ತಬೇಕು? ಅಡಿಗೆಯವನ ತಲೆಗೆ ಮಾತ್ರ ಹೊಳೆಯುವ ಜಾಗ. ಪ್ರತಿ ವರ್ಷ ಆಯುಧಪೂಜೆ ಬಂತು, ಲೈನ್ ನಿಂತಿತು, ಭಟ್ಟರು ಟಾರ್ಚ್ ಹಿಡಿದರು. ಕೊನೆಯವನ ಬಾಯಿ ನೋಡಿ ಆದ ಮೇಲೆ ಡಾಕ್ಟರು ಟಾರ್ಚನ್ನು ಕಿಸೆಗೆ ಹಾಕಿ, ‘ಪಾಯಸ ಬಡಿಸಿ ಶಂಭಣ್ಣ’ ಅನ್ನುವರು. ಟಾರ್ಚ್ ಹಿಡಿದವರ ಬಾಯಿಗೆ ಟಾರ್ಚ್ ಬಿಡುವ ಯೋಚನೆ ಅವರಿಗೆ ಬರಲೇ ಇಲ್ಲ. ಬರುವುದಾದರೂ ಹೇಗೆ, ಶಂಭಣ್ಣ ಆಣೆ ಹಾಕಿದ್ದಾರಲ್ಲ.

ಎರಡು ಸಾವಿರದ ಹದಿಮೂರರ ಗಣಪತಿ ಹಬ್ಬಕ್ಕೆ ಭಟ್ಟರ ನಾಲಿಗೆಯ ಎಡಬದಿಯಲ್ಲಿ ಒಂದು ಹುಣ್ಣು ಎದ್ದಿತು. ಹಲ್ಲು ತಾಗಿರಬೇಕು ಎಂದುಕೊಂಡರು. ಜೇನುತುಪ್ಪ ಹಚ್ಚಿದರು. ಆರಲಿಲ್ಲ. ಒಂಬತ್ತು ವರ್ಷ ಟಾರ್ಚ್ ಹಿಡಿದವರು, ಡಾಕ್ಟರು ಪ್ರತಿ ಬಾಯಿ ನೋಡುವಾಗ ಹೇಳುತ್ತಿದ್ದದ್ದೆಲ್ಲ ಕಿವಿಗೆ ಬಿದ್ದದ್ದೇ. ಮೂರು ವಾರಕ್ಕೆ ಆರದ ಹುಣ್ಣು, ಗಟ್ಟಿ ಅಂಚು. ಕನ್ನಡಿಯ ಮುಂದೆ ನಾಲಿಗೆ ಹೊರಳಿಸಿ ಬೆರಳಿಂದ ಒತ್ತಿ ನೋಡಿದರು. ಅಂಚು ಗಟ್ಟಿ ಇತ್ತು.

ಆ ವರ್ಷದ ಆಯುಧಪೂಜೆಗೂ ಭಟ್ಟರೇ ಟಾರ್ಚ್ ಹಿಡಿದರು. ಬಾಯಿಯೊಳಗೆ ಹುಣ್ಣು ಇಟ್ಟುಕೊಂಡು, ಇಪ್ಪತ್ತು ಬಾಯಿಗೆ ಬೆಳಕು ಬಿಟ್ಟರು. ಪ್ರತಿ ಬಾಯಿ ಮುಗಿದಾಗಲೂ ಈಗ ಹೇಳುವ, ಈಗ ಹೇಳುವ ಅನಿಸಿತು. ಹೇಳಿದರೆ ಆಣೆ ಮುರಿದದ್ದು ಗೊತ್ತಾಗುತ್ತದೆ. ಅದಕ್ಕಿಂತ ದೊಡ್ಡ ಭಯ, ನಾಲಿಗೆ ಕೊಯ್ಯುತ್ತಾರೆ. ನಾಲಿಗೆ ಇಲ್ಲದ ಅಡಿಗೆಯವನೆಂದರೆ ಕಣ್ಣಿಲ್ಲದ ಟೈಲರ್ ಇದ್ದ ಹಾಗೆ. ‘ಪಾಯಸ ಬಡಿಸಿ ಶಂಭಣ್ಣ’ ಎಂದರು ಡಾಕ್ಟರು. ಭಟ್ಟರು ಬಡಿಸಿದರು.

ದೀಪಾವಳಿ ಹೊತ್ತಿಗೆ ಸಾಂಬಾರು ಬಾಯಿಗಿಟ್ಟರೆ ಪ್ರಾಣ ಹೋಗುವಷ್ಟು ಉರಿ. ಆಗ ಭಟ್ಟರು ಒಂದು ಉಪಾಯ ಮಾಡಿದರು. ಚೀಟಿಯಲ್ಲಿ ಬಾಯಿಹುಣ್ಣು ನಾಲ್ಕು ಎಂದಿದ್ದರೆ ಗಂಜಿ ಐದು ಜನಕ್ಕೆ ಮಾಡುವುದು. ಐದನೆಯದನ್ನು ಸ್ಟೋರ್ ರೂಮಿನಲ್ಲಿ ಕೂತು ಕುಡಿಯುವುದು. ಹೀಗೇ ಎರಡು ವಾರ ಹೋಯಿತು. ಒಂದು ಮಂಗಳವಾರ ಡಬ್ಬಿ ಒಯ್ಯಲು ಬಂದ ಜಯಲತಾ ಒಲೆಯ ಪಕ್ಕ ನಿಂತುಬಿಟ್ಟಳು. ಹುಬ್ಬಳ್ಳಿ ಕಡೆಯವಳು, ಬಾಯಿಗೆ ಬೀಗ ಇಲ್ಲ.

‘ಭಟ್ಟರ, ಇವತ್ತ ಬಾಯಿಹುಣ್ಣಿನವರು ಒಬ್ಬರೂ ಇಲ್ಲರೀ. ಈ ಗಂಜಿ ಯಾರಿಗೆ?’

‘ತಪ್ಪಿ ಮಾಡಿದೆ.’

‘ನೀವ? ತಪ್ಪಿ?’ ಎಂದಳು ಜಯಲತಾ. ಭಟ್ಟರ ಮುಖ ನೋಡಿದಳು, ಇಳಿದುಹೋದ ಕೆನ್ನೆ ನೋಡಿದಳು. ಡಬ್ಬಿ ಎತ್ತಿಕೊಂಡು ನೆಟ್ಟಗೆ ಡಾಕ್ಟರ ಹತ್ತಿರ ಹೋದಳು.

ಮಧ್ಯಾಹ್ನ ಮೂರಕ್ಕೆ ಡಾಕ್ಟರು ಬಂದರು. ಆ ಹೊತ್ತಿಗೆ ಅವರು ಯಾವತ್ತೂ ಬಂದವರಲ್ಲ. ಭಟ್ಟರ ಕೈಕೆಳಗಿನ ಅಡಿಗೆಯವ ವಾಸುವನ್ನೂ ಮಿಕ್ಕವರನ್ನೂ ಹೊರಗೆ ಕಳಿಸಿದರು.

‘ಶಂಭಣ್ಣ, ಬಾಯಿ ತೆರೆಯಿರಿ.’

‘ಎಂತಕ್ಕೆ? ನನಗೆ ಕೆಲಸ ಉಂಟು. ಸಂಜೆಯ ಬೇಳೆ ಇನ್ನೂ...’

‘ರಘುಪತಿ ಮಾಮನಿಗೆ ನೀವೆಲ್ಲ ಸುಳ್ಳು ಹೇಳಿದ್ರಿ. ನನಗೂ ಹೇಳಿದ್ರಿ. ಇನ್ನೊಂದು ಸಲ ಬೇಡ.’

ಭಟ್ಟರು ಬಾಯಿ ತೆರೆದರು. ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು, ಕೈಗವಸು ಹಾಕಿ ಬೆರಳಿಂದ ಮುಟ್ಟಿ ನೋಡಿದರು, ಕತ್ತಿನ ಎರಡೂ ಬದಿ ಒತ್ತಿದರು. ಆಮೇಲೆ ಟಾರ್ಚ್ ಆರಿಸಿ, ಅಕ್ಕಿ ಮೂಟೆಯ ಮೇಲೆ ಕುಳಿತರು. ನಲವತ್ತೈದು ವರ್ಷದ ಮನುಷ್ಯ, ಎಂಟು ವರ್ಷದವನು ಕೂತ ಹಾಗೇ ಕೂತರು.

ಭಟ್ಟರು ಸಿಡಿದರು. ‘ಒಂಬತ್ತು ವರ್ಷ ಎಲ್ಲರ ಬಾಯಿ ನೋಡಿದ್ರಿ. ಗ್ಲಾಸು ತೊಳೆಯುವವನದ್ದೂ ನೋಡಿದ್ರಿ. ನನ್ನ ಕೈಗೆ ಟಾರ್ಚ್ ಕೊಟ್ಟು ನಿಲ್ಲಿಸಿದ್ರಿ. ನನ್ನ ಬಾಯಿ ಒಂದು ಸಲ ನೋಡಿದ್ರಾ?’

ಅನ್ಯಾಯದ ಮಾತು. ಆಡುವಾಗಲೇ ಭಟ್ಟರಿಗೆ ಅದು ಗೊತ್ತಿತ್ತು. ಆದರೆ ಡಾಕ್ಟರು ತಲೆ ತಗ್ಗಿಸಿದರು. ‘ಇಲ್ಲ. ನೀವು ಆಣೆ ಹಾಕಿದ್ರಿ. ನಿಮ್ಮ ಮೇಲೆ ಅನುಮಾನ ಪಡ್ಲಿಕ್ಕೆ ನನಗೆ ಮನಸ್ಸು ಬರ್ಲಿಲ್ಲ. ಇಡೀ ಕಳಂಬೋಲಿಯ ಬಾಯಿ ನೋಡಿದೆ, ನನಗೆ ದಿನಾ ಇಡ್ಲಿ ಕೊಡುವವರ ಬಾಯಿ ನೋಡ್ಲಿಲ್ಲ.’ ಅವರ ಕಣ್ಣಲ್ಲಿ ನೀರು ತುಂಬಿತ್ತು, ಒರೆಸಿಕೊಳ್ಳಲೂ ಇಲ್ಲ. ಆಮೇಲೆ ಎಲ್ಲ ರೋಗಿಗಳಿಗೆ ಹೇಳುವ ಹಾಗೆ, ಭಟ್ಟರ ಕೈ ಹಿಡಿದುಕೊಂಡು ನಿಜ ಹೇಳಿದರು. ಪರೀಕ್ಷೆಗೆ ಚೂರು ಕಳಿಸುವುದು ಇದೆ, ಆದರೆ ತನಗೆ ಸಂಶಯ ಇಲ್ಲ. ನಾಲಿಗೆಯ ಎಡಭಾಗ ತೆಗೆಯಬೇಕು. ಆಮೇಲೆ ಆರು ವಾರ ರೇಡಿಯೇಷನ್. ಮಾತು ಸ್ವಲ್ಪ ತೊದಲುತ್ತದೆ. ರುಚಿ ಮೊದಲಿನ ಹಾಗೆ ಇರುವುದಿಲ್ಲ. ಈಗ ಬಂದರೆ ಉಳಿಸುವ ಭರವಸೆ ಇದೆ, ಇನ್ನೆರಡು ತಿಂಗಳು ಬಿಟ್ಟು ಬಂದರೆ ಇಲ್ಲ.

‘ಹಾಗಾದ್ರೆ ಬೇಡ,’ ಎಂದರು ಭಟ್ಟರು. ‘ನಾನು ಅಡಿಗೆಯವ. ನಾಲಿಗೆ ಹೋದ ಮೇಲೆ ಉಳಿದು ಎಂತ ಮಾಡುದು?’ ಸೊಂಟದ ಪಂಚೆ ಬಿಗಿದು, ಚಪ್ಪಲಿ ಮೆಟ್ಟಿ, ಸ್ಟೇಷನ್ನಿಗೆ ನಡೆದೇಬಿಟ್ಟರು.

ಮರುದಿನ ಅವರು ಕೆಲಸಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಡೊಂಬಿವಲಿಯ ಒಂದು ರೂಮು ಕಿಚನ್ನಿನ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದರು. ಹಿಂಗಿನ ಡಬ್ಬಿಯವರೆಗೆ ಎಲ್ಲವನ್ನೂ ಹೆಂಡತಿ ಬಾಗಿಗೆ ಹೇಳಬೇಕಾಯಿತು. ಅವಳು ಮೊದಲು ಅತ್ತಳು, ಆಮೇಲೆ ಬೈದಳು. ‘ಹಿಂಗಿನ ಡಬ್ಬಿಯಲ್ಲಾ! ದೇವರ ನೈವೇದ್ಯಕ್ಕೆ ಹಾಕುವ ಹಿಂಗಿನ ಡಬ್ಬಿಯಲ್ಲಾ! ನಿಮ್ಮ ಬುದ್ಧಿಗೆ ಬೆಂಕಿ ಬೀಳ!’ ಮಗಳು ಪ್ರೇಕ್ಷಾ ಕಾಲೇಜಿಗೆ ಹೋಗುವುದು ಬಿಟ್ಟು ತಲೆದಿಂಬಿನ ಹತ್ತಿರ ಕೂತು, ‘ಪಪ್ಪಾ, ಚಲೋ ನಾ, ಪ್ಲೀಸ್’ ಎಂದು ಆಸ್ಪತ್ರೆಗೆ ಕರೆದಳು. ಭಟ್ಟರು ಅಲ್ಲಾಡಲಿಲ್ಲ.

ಡಾಕ್ಟರು ದಿನಾ ಬಂದರು. ಕಲ್ಯಾಣದ ಕ್ಲಿನಿಕ್ ಮುಗಿಸಿ ಠಾಣೆಗೆ ಹೋಗುವ ಲೋಕಲಿನಿಂದ ಡೊಂಬಿವಲಿಯಲ್ಲಿ ಇಳಿದು, ಮೂರು ಮಹಡಿ ಹತ್ತಿ ಬರುವರು. ಕಾಯಿಲೆಯ ಸುದ್ದಿ ಎತ್ತುತ್ತಿರಲಿಲ್ಲ. ನೆಲದ ಮೇಲೆ ಕೂತು, ‘ಬಾಗಿ ಅತ್ತಿಗೆ, ಹಸಿವಾಗ್ತದೆ’ ಅನ್ನುವರು. ಅವಳು ಹಾಕಿದ್ದು ತಿಂದು ಹೋಗುವರು. ಹಾಗೆ ಐದು ದಿನ. ಈ ಮನುಷ್ಯನಿಗೆ ಅಲ್ಲಿ ಹನ್ನೆರಡು ಹಾಸಿಗೆ ಕಾಯುತ್ತಿವೆ, ಇಲ್ಲಿ ಬಂದು ನನ್ನ ಬೆನ್ನು ನೋಡುತ್ತಾ ಕೂರುತ್ತಾನಲ್ಲ ಎಂದು ಭಟ್ಟರಿಗೆ ಅನಿಸಿತು. ಆದರೂ ತಿರುಗಲಿಲ್ಲ.

ಆರನೇ ದಿನ ಡಾಕ್ಟರು ಒಂದು ಸ್ಟೀಲಿನ ಡಬ್ಬಿ ತಂದರು. ‘ನಮ್ಮ ಹೋಟೆಲಿನ ಸಾರು ಅತ್ತಿಗೆ’ ಎಂದು ಮುಚ್ಚಳ ತೆಗೆದರು. ಘಮ ಕೋಣೆ ತುಂಬಿತು. ಹಾಸಿಗೆ ಮೇಲೆ ಭಟ್ಟರ ಬೆನ್ನು ಸೆಟೆಯಿತು.

‘ಯಾರು ಮಾಡಿದ್ದು ಇದು?’ ಎಂದರು ಗೋಡೆಗೆ.

‘ವಾಸು.’

‘ಆ ಕತ್ತೆಗೆ ಹೇಳಿ, ಹಿಂಗು ಒಗ್ಗರಣೆಗೆ ಹಾಕುದು, ಮೇಲಿಂದ ಸುರಿಯುದಲ್ಲ. ಬೇಳೆ ಅಡಿ ಹಿಡಿದಿದೆ. ಉಪ್ಪು ಎರಡು ಸಲ ಬಿದ್ದಿದೆ.’

ಡಾಕ್ಟರು ಒಂದು ಲೋಟಕ್ಕೆ ಬಗ್ಗಿಸಿ ಬಾಗಿಗೆ ಕೊಟ್ಟರು. ಅವಳು ಬಾಯಿಗಿಟ್ಟವಳೇ ಮುಖ ಕಿವುಚಿದಳು. ‘ಅಯ್ಯೋ ದೇವ್ರೆ, ಉಪ್ಪು! ಉಪ್ಪಿನ ಸಮುದ್ರ!’

‘ಶಂಭಣ್ಣ,’ ಎಂದರು ಡಾಕ್ಟರು, ‘ನೀವು ಇದನ್ನು ತಿಂದ್ರಾ?’

‘ಇಲ್ಲ.’

‘ಮತ್ತೆ?’

ಬಾಗಿ ಲೋಟ ಕೆಳಗಿಟ್ಟು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂತು. ‘ಕೇಳಿ ಇಲ್ಲಿ. ನಾನು ಈ ಮನೆಗೆ ಬಂದು ಇಪ್ಪತ್ತೈದು ವರ್ಷ ಆಯ್ತು. ದೇವರಿಗೆ ಇಡದೆ ಒಂದು ಹನಿ ನೀವು ನಾಲಿಗೆಗೆ ಇಟ್ಟದ್ದನ್ನು ನಾನು ನೋಡ್ಲಿಲ್ಲ. ಯಾವ ನಾಲಿಗೆ ಇಟ್ಟುಕೊಂಡು ನೀವು ಅಡಿಗೆ ಮಾಡಿದ್ದು? ಮೂಗು ಇಟ್ಟುಕೊಂಡು ಅಲ್ವಾ? ಆ ನಾಲಿಗೆ ಇದ್ದದ್ದು ಹಾಳು ಹೊಗೆಸೊಪ್ಪಿಗೆ ಮಾತ್ರ!’

‘ಮೂಗು ನಾನು ಮುಟ್ಟುದಿಲ್ಲ ಶಂಭಣ್ಣ,’ ಎಂದರು ಡಾಕ್ಟರು. ‘ಅದಕ್ಕೆ ಬೇಕಾದ್ರೆ ನಾನೇ ಆಣೆ ಹಾಕ್ತೇನೆ.’

ಭಟ್ಟರು ಎದ್ದು ಕೂತರು. ಡಬ್ಬಿಯನ್ನು ಹತ್ತಿರ ಎಳೆದುಕೊಂಡು ಮೂಸಿದರು. ಮೂವತ್ತೇಳು ವರ್ಷ ತಾನು ಯಾವುದರಿಂದ ಅಡಿಗೆ ಮಾಡಿದೆ ಎಂಬುದು ತನಗೇ ಮರೆತುಹೋಗಿತ್ತಲ್ಲ ಎಂದು ನಾಚಿಕೆಯಾಯಿತು. ಭಯ ಹೋಗಿರಲಿಲ್ಲ. ಭಯದ ಪಕ್ಕದಲ್ಲಿ ಈಗ ಇನ್ನೊಂದು ಬಂದು ಕೂತಿತ್ತು, ಅದು ಆಸೆ.

‘ನೀವೇ ಕೊಯ್ಯುದಾದ್ರೆ ಬರ್ತೇನೆ,’ ಎಂದರು.

‘ನಮ್ಮವರನ್ನು ನಾವೇ ಕೊಯ್ಯಬಾರ್ದು ಶಂಭಣ್ಣ. ಕೈ ನಡುಗ್ತದೆ.’

‘ಅಕ್ಷರ ತಿದ್ದುವಾಗಲೂ ನಡುಗ್ತಿತ್ತು. ಬರೀಲಿಲ್ವಾ ಮತ್ತೆ?’

ಡಾಕ್ಟರು ಆ ಉಪ್ಪಿನ ಸಾರನ್ನೇ ಎರಡು ಗುಟುಕು ಕುಡಿದು ಎದ್ದರು.

ನವಿ ಮುಂಬಯಿಯಲ್ಲಿ ಐದು ಗಂಟೆ ಆಪರೇಷನ್ ನಡೆಯಿತು. ಹೊರಗೆ ಬೆಂಚಿನ ಮೇಲೆ ಬಾಗಿ ಕೃಷ್ಣನ ಹೆಸರು ಹೇಳಿದ್ದು ಎಷ್ಟು ಸಲವೋ. ಡಾಕ್ಟರು ಹೊರಗೆ ಬಂದು ಅವಳ ಕಾಲ ಬುಡದಲ್ಲೇ ಕುಸಿದು ಕೂತು, ‘ಎಲ್ಲ ತೆಗೆದೆ ಅತ್ತಿಗೆ. ಕೈ ನಡುಗ್ಲಿಲ್ಲ’ ಎಂದರು. ಅದನ್ನು ಹೇಳುವಾಗ ನಡುಗುತ್ತಿತ್ತು. ಭಟ್ಟರಿಗೆ ಮಾತಿಲ್ಲ, ಮೂಗಿನಿಂದ ಹೊಟ್ಟೆಗೆ ನಳಿಗೆ. ಪ್ರೇಕ್ಷಾ ಸ್ಲೇಟು ತಂದುಕೊಟ್ಟಳು. ಎಚ್ಚರವಾದ ಮೂರನೇ ದಿನ ಅವರು ಬರೆದ ಮೊದಲ ಶಬ್ದ ‘ಚೀಟಿ?’ ಅವರನ್ನು ನೌಪಾಡಾದ ಆಸ್ಪತ್ರೆಗೆ ತಂದ ಮೇಲೆ ಡಾಕ್ಟರು ದಿನದ ಚೀಟಿಯನ್ನು ಮೊದಲು ಅವರಿಗೆ ತೋರಿಸಲು ಶುರುಮಾಡಿದರು. ಭಟ್ಟರು ಸ್ಲೇಟಿನಲ್ಲಿ ಬರೆಯುವರು, ಜಯಲತಾ ಅದನ್ನು ವಾಸುವಿಗೆ ಫೋನಿನಲ್ಲಿ ಓದಿ ಹೇಳುವಳು. ರೇಡಿಯೇಷನ್ ಶುರುವಾದ ಮೇಲೆ ಭಟ್ಟರ ಬಾಯಿಯೆಲ್ಲ ಹುಣ್ಣು. ಒಂದು ದಿನ ಚೀಟಿಯಲ್ಲಿ ‘ಬಾಯಿಹುಣ್ಣು ಐದು’ ಎಂದಿತ್ತು. ಐದನೆಯವರು ತಾವೇ ಎಂದು ಭಟ್ಟರಿಗೆ ಗೊತ್ತಾಯಿತು. ವಾಸು ಕಳಿಸಿದ ಗಂಜಿ ಕುಡಿದು ಸ್ಲೇಟಿನಲ್ಲಿ ಬರೆದರು, ‘ತುಪ್ಪ ಕಮ್ಮಿ.’

ಮಳೆಗಾಲ ಹಿಡಿಯುವ ಹೊತ್ತಿಗೆ ಭಟ್ಟರು ಅಡಿಗೆಮನೆಗೆ ಮರಳಿದರು. ದೇಹ ಅರ್ಧ ಆಗಿತ್ತು. ‘ಸಾರು’ ಅನ್ನಲು ಹೋದರೆ ‘ತಾಲು’ ಅನ್ನುವ ಹಾಗೆ ಕೇಳುತ್ತಿತ್ತು. ಸಾರು ಮಾತ್ರ ಅದೇ ಸಾರು. ಹಬೆಗೆ ಮೂಗು ಒಡ್ಡಿದರು, ಕಿವಿ ಕೊಟ್ಟರು, ಅರ್ಧ ಮುಷ್ಟಿ ಉಪ್ಪು ಹಾಕಿದರು. ಕೃಷ್ಣನಿಗೆ ಮೊದಲ ಸೌಟು ಇಟ್ಟ ಮೇಲೆ ವಾಸು ಒಂದು ಲೋಟ ಕುಡಿದು ಭಟ್ಟರ ಕಾಲಿಗೆ ಬಿದ್ದ. ಬಿದ್ದವನು ಏಳುವಾಗ ಗುಟ್ಟು ಬಿಚ್ಚಿದ. ‘ಭಟ್ರೇ, ಅವತ್ತಿನ ಸಾರು ನಾನು ಸರಿಯಾಗೇ ಮಾಡಿದ್ದೆ. ಡಾಕ್ಟ್ರೇ ಬಂದು ನಿಂತು, ಇನ್ನೊಂದು ಮುಷ್ಟಿ ಉಪ್ಪು ಹಾಕು, ಹಿಂಗು ಮೇಲಿಂದ ಸುರಿ ಅಂದ್ರು.’

ಜೀವಮಾನದಲ್ಲಿ ಒಂದೂ ಸುಳ್ಳು ಹೇಳದ ಮನುಷ್ಯ! ಭಟ್ಟರು ಒಲೆಯ ಕಡೆ ತಿರುಗಿ ನಿಂತುಕೊಂಡರು. ಕಣ್ಣು ಒರೆಸಿಕೊಂಡದ್ದು ವಾಸುವಿಗೆ ಕಾಣಬಾರದೆಂದು ಸುಮ್ಮನೆ ಸೌಟು ತಿರುವಿದರು. ‘ಬೇಳೆ ಅಡಿ ಹಿಡಿದದ್ದು?’ ಎಂದು ತೊದಲಿದರು.

‘ಅದು ನನ್ನದೇ,’ ಎಂದ ವಾಸು.

ಎರಡು ಸಾವಿರದ ಹದಿನಾಲ್ಕರ ಆಯುಧಪೂಜೆ ಬಂತು. ಗ್ರೈಂಡರಿಗೆ ಕುಂಕುಮ ಬಿತ್ತು, ಮಂಗಳಾರತಿ ಆಯಿತು, ಲೈನ್ ನಿಂತಿತು. ಡಾಕ್ಟರು ಮೊದಲು ಭಟ್ಟರನ್ನೇ ಕೂರಿಸಿದರು. ಟಾರ್ಚನ್ನು ವಾಸುವಿನ ಕೈಗೆ ಕೊಟ್ಟು, ತೆಗೆದ ಜಾಗ, ಉಳಿದ ಜಾಗ, ಕತ್ತು ಎಲ್ಲ ನಿಧಾನ ನೋಡಿದರು. ‘ಏನೂ ಇಲ್ಲ’ ಎಂದರು. ಇಡೀ ಅಡಿಗೆಮನೆ ಉಸಿರು ಬಿಟ್ಟಿತು. ಆಮೇಲೆ ಭಟ್ಟರು ಎದ್ದು ಟಾರ್ಚನ್ನು ವಾಸುವಿನಿಂದ ಕಸಿದುಕೊಂಡು ಎಂದಿನ ಜಾಗದಲ್ಲಿ ನಿಂತರು. ಒಬ್ಬೊಬ್ಬರಾಗಿ ಎಲ್ಲರ ಬಾಯಿ ಮುಗಿಯಿತು. ಡಾಕ್ಟರು ಟಾರ್ಚಿಗಾಗಿ ಕೈ ಚಾಚಿದರು.

ಭಟ್ಟರು ಕೊಡಲಿಲ್ಲ.

‘ಪಾಯಸ ಬಡಿಸಿ ಶಂಭಣ್ಣ.’

‘ಕೂರಿ ಇಲ್ಲಿ,’ ಎಂದರು ಭಟ್ಟರು, ಅಕ್ಕಿ ಮೂಟೆ ತೋರಿಸಿ. ಮಾತು ತೊದಲುತ್ತಿತ್ತು, ಆದರೆ ಎಲ್ಲರಿಗೂ ಅರ್ಥವಾಯಿತು. ‘ನಾನು ಟಾರ್ಚ್ ಹಿಡಿದೆ ಅಂತ ನನ್ನ ಬಾಯಿ ಯಾರೂ ನೋಡ್ಲಿಲ್ಲ. ನಿಮ್ಮ ಬಾಯಿ ಯಾರು ನೋಡಿದ್ದು?’

‘ನಾನು ಎಲೆಯಡಿಕೆ ಹಾಕುದಿಲ್ಲ ಶಂಭಣ್ಣ...’

‘ಆಣೆ ನಾನೂ ಹಾಕಿದ್ದೆ. ಬಾಯಿ ತೆರೆಯಿರಿ.’

ಡಾಕ್ಟರು ಸುತ್ತ ನೋಡಿದರು. ಇಪ್ಪತ್ತು ಜನ ನಗದೆ ನಿಂತಿದ್ದರು. ಡಾಕ್ಟರು ಮೂಟೆಯ ಮೇಲೆ ಕೂತು, ಕತ್ತು ಮೇಲೆತ್ತಿ, ಬಾಯಿ ತೆರೆದರು. ಭಟ್ಟರು ಬಗ್ಗಿ ಟಾರ್ಚ್ ಬಿಟ್ಟರು. ಬಲಗೆನ್ನೆ, ಎಡಗೆನ್ನೆ, ನಾಲಿಗೆಯ ಎರಡೂ ಅಂಚು, ನಾಲಿಗೆಯ ಅಡಿ. ಹಲ್ಲಿಗೆ ಕಾಫಿಯ ಕಲೆ, ಹಿಂದಿನ ಒಂದು ದವಡೆಹಲ್ಲು ಹುಳುಕು. ಈ ಬಾಯಿಗೆ ತಾನು ಇಟ್ಟ ಗೋಳಿಬಜೆಗಳಿಗೆ ಲೆಕ್ಕ ಎಲ್ಲಿದೆ ಎಂದು ಭಟ್ಟರಿಗೆ ಅನಿಸಿತು. ಅವಸರ ಮಾಡಲಿಲ್ಲ. ಇನ್ನೊಂದು ಸುತ್ತು ನೋಡಿದರು. ಆಮೇಲೆ ಟಾರ್ಚ್ ಆರಿಸಿ, ಅವರ ತಲೆಯ ಮೇಲೆ ಕೈ ಇಟ್ಟರು.

‘ಏನೂ ಇಲ್ಲ,’ ಎಂದರು.

ಹದಿಮೂರು ವರ್ಷದಿಂದ ಮಧ್ವರಾಜ ರಾಯರು ಬೇರೆಯವರಿಗೆ ಹೇಳಲು ಹಂಬಲಿಸಿದ ಮಾತು ಅದು. ಹೇಳಲು ಸಿಕ್ಕಿದ್ದು ಕಡಿಮೆ, ತನಗೆ ಯಾರೂ ಹೇಳಿದ್ದೇ ಇಲ್ಲ. ಅವರು ಭಟ್ಟರ ಪಂಚೆಗೆ ಮುಖ ಒತ್ತಿ, ಎಲ್ಲರೂ ನೋಡುತ್ತಿದ್ದಂತೆಯೇ ಬಿಕ್ಕಿ ಬಿಕ್ಕಿ ಅತ್ತರು. ಭಟ್ಟರು ಬೆನ್ನು ಸವರುತ್ತಾ ನಿಂತರು. ಅಳು ನಿಂತ ಮೇಲೆ ಒಂದು ಬಟ್ಟಲು ಪಾಯಸ ತಂದು ಕೈಗಿಟ್ಟರು.

‘ಇವತ್ತಾದ್ರೂ ಕೂತುಕೊಂಡು ತಿನ್ನಿ,’ ಎಂದರು.